ಮುಂಬಯಿಯ ಹಳೆ ಹೌಸಿಂಗ್ ಸೊಸೈಟಿಗೆ ಹೊಸ ವೈರಿಂಗ್: ಲೈಸೆನ್ಸ್ ಇರುವವರಿಂದ ಮಾಡಿಸಿಕೊಳ್ಳುವ ಕ್ರಮ

ಡೊಂಬಿವಲಿ, ಮುಲುಂಡ್, ಮೀರಾ ರೋಡ್, ಗೋರೆಗಾಂವ್ ಕಡೆ ನಮ್ಮ ಕನ್ನಡಿಗರು ಇರುವ ಎಷ್ಟೋ ಕಟ್ಟಡಗಳಿಗೆ 30–40 ವರ್ಷ ದಾಟಿದೆ. ಅವನ್ನು ಕಟ್ಟಿದ ಕಾಲಕ್ಕೆ ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟು, ಒಂದು ಫ್ರಿಜ್ಜು ಎಂದರೆ ಮನೆಯ ಲೆಕ್ಕ ಮುಗಿಯುತ್ತಿತ್ತು. ಈಗ ಅದೇ ತಂತಿಯ ಮೇಲೆ ಎಸಿ, ಗೀಸರ್, ಮೈಕ್ರೋವೇವ್ ಕೂತಿವೆ. ಸೊಸೈಟಿ ಕಮಿಟಿ ಬಣ್ಣಕ್ಕೂ ವಾಟರ್‌ಪ್ರೂಫಿಂಗ್‌ಗೂ ದುಡ್ಡು ಎತ್ತುತ್ತದೆ, ಮೀಟರ್ ರೂಮಿನ ಕಡೆ ಮಾತ್ರ ಹೊಗೆ ಬರುವ ತನಕ ಯಾರೂ ಹೋಗುವುದಿಲ್ಲ. ಲೈಸೆನ್ಸ್ ಇರುವ ಠೇಕೆದಾರನಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಅವನು ಅಳೆದು ತೋರಿಸಿ, ಆ ಅಂಕಿಯ ಕೆಳಗೆ ಸಹಿ ಹಾಕುತ್ತಾನೆ ಎಂಬ ಕಾರಣಕ್ಕೆ. ಆ ಅಂಕಿಗಳನ್ನು ಕೇಳಿ ಪಡೆಯದಿದ್ದರೆ ಲೈಸೆನ್ಸಿನಿಂದ ಕಟ್ಟಡಕ್ಕೆ ಏನೂ ದಕ್ಕುವುದಿಲ್ಲ.

ಯಾರು ಮುಟ್ಟಬಹುದು

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಇಲ್ಲಿ ಸ್ಪಷ್ಟವಾಗಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಾಳಾದರೆ ಅದೇ ಅಳತೆಯದನ್ನು ಬದಲಿಸಲು ಲೈಸೆನ್ಸ್ ಬೇಡ. ಎಸಿಗೆ ಹೊಸ ಪಾಯಿಂಟ್, ಹೊಸ ಡಿಬಿ (ಮನೆಯ ಸರ್ಕ್ಯೂಟುಗಳು ಕವಲೊಡೆಯುವ ಸ್ವಿಚ್ ಪೆಟ್ಟಿಗೆ), ಮೇನ್ ಕೇಬಲ್ ಬದಲಾವಣೆ ಹೀಗೆ ಲೋಡನ್ನೋ ಸ್ವರೂಪವನ್ನೋ ಬದಲಿಸುವ ಯಾವ ಕೆಲಸವಾದರೂ ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಠೇಕೆದಾರನ ಮೂಲಕವೇ ಆಗಬೇಕು. ಸ್ಥಳದಲ್ಲಿ ಅರ್ಹತಾ ಪತ್ರವಿರುವ ಸೂಪರ್‌ವೈಸರ್ ನಿಂತಿರಬೇಕು, ಕೈಯಾಡಿಸುವವನ ಬಳಿ ವೈರ್‌ಮನ್ ಪರವಾನಗಿ ಇರಬೇಕು. ಅಂದರೆ ಕಾಗದ ಮೂರು. ಮರಾಠಿ ಪತ್ರಗಳಲ್ಲಿ ಇವರು ವಿದ್ಯುತ್ ಠೇಕೇದಾರ್, ಪರ್ಯವೇಕ್ಷಕ, ತಾರ್‌ತಂತ್ರಿ.

ಕೊಟೇಶನ್ ಜೊತೆಗೇ ಮೂರರ ನಕಲು ಕೇಳಿ. ಹೆಸರು, ಫೋಟೋ, ಅವಧಿ ಮುಗಿಯುವ ದಿನಾಂಕ ಹೋಲಿಸಿ. ಹೆಚ್ಚಾಗಿ ನಡೆಯುವ ಮೋಸವೆಂದರೆ ಬಾಡಿಗೆ ಲೈಸೆನ್ಸ್: ಸಹಿ ಒಬ್ಬನದು, ಕೆಲಸ ಇಂಟೀರಿಯರ್‌ನವನು ಕರೆತಂದ ಹುಡುಗನದು. ಇದನ್ನು ತಡೆಯಲು ವರ್ಕ್ ಆರ್ಡರಿನಲ್ಲಿ ಒಂದೇ ಸಾಲು ಸೇರಿಸಿ: ಪತ್ರದಲ್ಲಿ ಹೆಸರಿರುವ ಸೂಪರ್‌ವೈಸರ್ ಟೆಸ್ಟಿಂಗ್ ದಿನ ಖುದ್ದಾಗಿ ಬಂದು ಅಳತೆ ತೆಗೆಯಬೇಕು. ಬಾಡಿಗೆಯವನು ಅಲ್ಲಿಯೇ ಹಿಂದೆ ಸರಿಯುತ್ತಾನೆ.

ಮೊದಲು ಲೋಡ್ ಲೆಕ್ಕ

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ. ಸರ್ಕಾರಿ ವಿದ್ಯುತ್ ಕಂಪನಿ ಮಹಾವಿತರಣದ ಮರಾಠಿ ಬಿಲ್ಲಿನಲ್ಲಿ ಇದು ‘ಮಂಜೂರ್ ಭಾರ್’. ಆಮೇಲೆ ಮನೆಯಲ್ಲಿರುವುದನ್ನು ಕೂಡಿಸಿ. ಒಂದೂವರೆ ಟನ್ನಿನ ಎರಡು ಎಸಿಗೆ ಸುಮಾರು 3.2, ಗೀಸರಿಗೆ 2, ಬಿಸಿನೀರಿನ ವಾಷಿಂಗ್ ಮಷೀನಿಗೆ 2, ಮೈಕ್ರೋವೇವಿಗೆ 1.2, ಇಸ್ತ್ರಿಗೆ 1, ಉಳಿದದ್ದಕ್ಕೆ 1 ಎಂದರೂ 10 ಕಿಲೋವ್ಯಾಟ್ ದಾಟಿತು. ಎಲ್ಲವೂ ಒಟ್ಟಿಗೆ ಓಡುವುದಿಲ್ಲ, ನಿಜ. ಆದರೆ ಮಂಜೂರಾಗಿರುವುದು ಬರೀ 3 ಆಗಿದ್ದು, ಕಟ್ಟಡದ ಅರ್ಧ ಮನೆಗಳ ಕಥೆ ಹೀಗೇ ಇದ್ದರೆ, ಕೆಳಗಿನ ಮೇನ್ ಕೇಬಲ್ ಮೇ ತಿಂಗಳ ರಾತ್ರಿಗಳಲ್ಲಿ ತನ್ನ ಮಿತಿಯ ಮೇಲೆಯೇ ಇರುತ್ತದೆ. ಲೋಡ್ ಹೆಚ್ಚಿಸಲು ಅರ್ಜಿ ಹಾಕಿ; ಅದಕ್ಕೆ ಲೈಸೆನ್ಸ್‌ದಾರನ ಟೆಸ್ಟ್ ರಿಪೋರ್ಟ್ ಬೇಕಾಗುತ್ತದೆ.

ಮೀಟರ್ ರೂಮು

ಕಟ್ಟಡದಲ್ಲಿ ಬೆಂಕಿಗೆ ಅತಿ ಹತ್ತಿರದ ಜಾಗ ಇದು. ಬಹುತೇಕ ಕಡೆ ಮೆಟ್ಟಿಲ ಬುಡದಲ್ಲೇ ಇರುತ್ತದೆ, ಹೊಗೆ ಎದ್ದರೆ ಮೇಲಿನವರು ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಹಳೆ ಸೈಕಲ್, ರದ್ದಿ, ಬಣ್ಣದ ಡಬ್ಬಿ ಇವತ್ತೇ ತೆಗೆಸಿ. ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಎಕ್ಸ್‌ಟಿಂಗ್ವಿಷರ್ ಬಾಗಿಲ ಹೊರಗೆ ಇರಲಿ. ಸಯನ್, ಕುರ್ಲಾದಂಥ ನೀರು ನಿಲ್ಲುವ ಕಡೆ, ಕಟ್ಟಡ ಕಂಡ ಅತಿ ಎತ್ತರದ ನೀರಿನ ಗುರುತಿಗಿಂತ ಮೇಲಕ್ಕೆ ಮೀಟರ್ ಬೋರ್ಡ್ ಏರಿಸಲು ಅರ್ಜಿ ಕೊಡಿ. ಸೀಲ್ ಇರುವ ಭಾಗ ವಿದ್ಯುತ್ ಕಂಪನಿಯದು. ಬೆಸ್ಟ್, ಅದಾನಿ, ಟಾಟಾ, ಮಹಾವಿತರಣ ಯಾವುದೇ ಇರಲಿ, ಆ ಸೀಲನ್ನು ಖಾಸಗಿ ಠೇಕೆದಾರ ಮುಟ್ಟಕೂಡದು. ಮೀಟರಿನಿಂದ ಮನೆಯ ಕಡೆಗಿನದು ನಿಮ್ಮ ಹೊಣೆ.

ಇಲ್ಲಿ ಕೆಡುವುದು ಹೆಚ್ಚಾಗಿ ಜಾಯಿಂಟುಗಳು. ಅಲ್ಯೂಮಿನಿಯಂ ಕೇಬಲನ್ನು ತಾಮ್ರದ ಬಸ್‌ಬಾರಿಗೆ (ಕೇಬಲುಗಳು ಸೇರುವ ಪಟ್ಟಿಗೆ) ನೇರವಾಗಿ ಬಿಗಿದಿದ್ದರೆ ಸಮುದ್ರದ ಉಪ್ಪುಗಾಳಿಗೆ ಅಲ್ಲಿ ತುಕ್ಕಿನ ಪದರ ಕಟ್ಟುತ್ತದೆ, ಪ್ರತಿರೋಧ ಏರುತ್ತದೆ, ಕಾಯುತ್ತದೆ, ಕಾದದ್ದು ಸಡಿಲವಾಗುತ್ತದೆ. ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ (ಕೇಬಲಿನ ತುದಿಯ ಹಿಡಿ) ಹಾಕಿಸಿ. ಸಂಜೆ 8ರಿಂದ 10ರ ನಡುವೆ, ಲೋಡ್ ತುಂಬಿರುವಾಗ, ಥರ್ಮಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆಸಿ. ಪಕ್ಕದ ಜಾಯಿಂಟುಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಾದದ್ದೇ ರೋಗದ ಜಾಗ.

ಎಲ್ಲಕ್ಕಿಂತ ಅಪಾಯದ್ದು ಸಡಿಲವಾದ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ. ಮೂರು ಫೇಸಿನ (ಕರೆಂಟ್ ತರುವ ತಂತಿಯ) ಮೇನಿನಲ್ಲಿ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಬರಬೇಕಾದ ಕೆಲವು ಮನೆಗಳಿಗೆ 400ರ ಹತ್ತಿರ ಬರುತ್ತದೆ, ಉಳಿದ ಮನೆಗಳಲ್ಲಿ ದೀಪ ಮಂಕಾಗುತ್ತದೆ. ಒಂದೇ ರಾತ್ರಿ ಹತ್ತಾರು ಟಿವಿ, ಫ್ರಿಜ್ಜು ಸುಡುವುದು ಹೀಗೆ. ಒಂದು ಮನೆಯಲ್ಲಿ ದೀಪ ಜೋರಾಗಿ, ಪಕ್ಕದ ಮನೆಯಲ್ಲಿ ಮಂದವಾಗಿ ಉರಿದರೆ ಕಾಯಬೇಡಿ, ಮೇನ್ ಆಫ್ ಮಾಡಿಸಿ ಕಂಪನಿಗೆ ಫೋನ್ ಮಾಡಿ.

ಮನೆಯೊಳಗೆ

ತಾಮ್ರದ ತಂತಿ: ದೀಪ, ಫ್ಯಾನಿಗೆ 1.5 ಚದರ ಎಂಎಂ, ಒಂದು ಸರ್ಕ್ಯೂಟಿಗೆ ಹತ್ತೇ ಪಾಯಿಂಟ್. ಪವರ್ ಪಾಯಿಂಟಿಗೆ 2.5, ಎಸಿ ಮತ್ತು ಗೀಸರಿಗೆ ಡಿಬಿಯಿಂದಲೇ ಬೇರೆ ಬೇರೆ 4 ಚದರ ಎಂಎಂ ಎಳೆಸುವುದು ಒಳ್ಳೆಯದು. ಹಳಬರು 3/22 ಎನ್ನುವ ತಂತಿ 1 ಚದರ ಎಂಎಂಗಿಂತ ಸ್ವಲ್ಪವೇ ದಪ್ಪ. ಅದರ ಮೇಲೆ ಗೀಸರ್ ಓಡಿಸಬಾರದು. 2.5ರ ತಂತಿಗೆ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಸರಿ. ಪದೇ ಪದೇ ಬೀಳುತ್ತದೆಂದು ಅಲ್ಲಿ 32 ಹಾಕಿದರೆ ಎಂಸಿಬಿ ಸುಮ್ಮನಿರುತ್ತದೆ, ಗೋಡೆಯೊಳಗೆ ತಂತಿ ಬೇಯುತ್ತದೆ.

ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎರಡೂ ಬೇಕು. ಹಳೆ ಮನೆಗೆ ಆರ್‌ಸಿಸಿಬಿ ಹಾಕಿದ ದಿನವೇ ಅದು ಬೀಳತೊಡಗುವುದು ಸಾಮಾನ್ಯ. ಕಾರಣ ಹೆಚ್ಚಾಗಿ ಎರಡು: ಎರಡು ಸರ್ಕ್ಯೂಟಿನ ನ್ಯೂಟ್ರಲ್ ಎಲ್ಲೋ ಬೆರೆತಿರುತ್ತದೆ, ಇಲ್ಲವೇ ಗೀಸರಿನ ಎಲಿಮೆಂಟ್ ಸೋರುತ್ತಿರುತ್ತದೆ. ಒಂದೊಂದೇ ಸರ್ಕ್ಯೂಟ್ ಬಿಡಿಸಿ ಹುಡುಕಲು ಅರ್ಧ ದಿನ ಹಿಡಿಯಬಹುದು. ಆ ಅರ್ಧ ದಿನ ಉಳಿಸಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಡುವವನನ್ನು ಮತ್ತೆ ಕರೆಯಬೇಡಿ.

ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಜೋಡಣೆ) ವಿಚಾರದಲ್ಲಿ ಹಳೆ ಕಟ್ಟಡಗಳಲ್ಲಿ ಒಂದು ಕಾಣದ ಹೊಂಡವಿದೆ. ಆಗ ನೀರಿನ ಕಬ್ಬಿಣದ ಪೈಪಿಗೇ ಅರ್ಥ್ ಕಟ್ಟುತ್ತಿದ್ದರು. ಪ್ಲಂಬಿಂಗ್ ರಿಪೇರಿಯಲ್ಲಿ ಆ ಪೈಪು ಹೋಗಿ ಪ್ಲಾಸ್ಟಿಕ್ ಬಂತು, ಅದರೊಂದಿಗೆ ಮನೆಯ ಅರ್ಥ್ ಕೂಡ ಹೋಯಿತು. ಸಾಕೆಟ್ಟಿನ ಮೂರನೇ ತೂತು ಹಾಗೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೆಲವರು ಸಾಕೆಟ್ಟಿನಲ್ಲೇ ನ್ಯೂಟ್ರಲನ್ನು ಅರ್ಥ್ ಪಿನ್ನಿಗೆ ಜೋಡಿಸುತ್ತಾರೆ. ನ್ಯೂಟ್ರಲ್ ಕಡಿದ ಕ್ಷಣ ಗೀಸರಿನ ಮೈಗೆ 230 ವೋಲ್ಟ್. ಪ್ರತ್ಯೇಕ ಹಸಿರು ತಂತಿಯನ್ನು ನೆಲದಲ್ಲಿ ತೋಡಿದ ಅರ್ಥ್ ಪಿಟ್ಟಿನ ತನಕ ಎಳೆಸಲೇಬೇಕು.

ನಿಮ್ಮ ಕಣ್ಣೆದುರು ಆಗಬೇಕಾದ ಅಳತೆಗಳು

ಮೊದಲು ಇನ್ಸುಲೇಶನ್ (ತಂತಿಯ ಹೊದಿಕೆ). ಮೇನ್ ಆಫ್, ಎಲ್ಲ ಪ್ಲಗ್ ಹೊರಗೆ, ಎಲ್‌ಇಡಿ ಬಲ್ಬುಗಳನ್ನೂ ಕಳಚಿ, ಇಲ್ಲದಿದ್ದರೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಯಂತ್ರ) ಅವನ್ನು ಸುಡಬಹುದು. 500 ವೋಲ್ಟಿನಲ್ಲಿ ಒಂದು ನಿಮಿಷ; ಫೇಸ್–ಅರ್ಥ್ ನಡುವೆ ಕನಿಷ್ಠ 1 ಮೆಗಾಓಮ್ ಬರಬೇಕು. ಹೊಸ ತಂತಿಯಲ್ಲಿ ಇದು ಬಹಳ ಹೆಚ್ಚೇ ಬರುತ್ತದೆ; 1.2 ತೋರಿಸಿದರೆ ಪಾಸ್ ಎಂದು ಸುಮ್ಮನಾಗದೆ ಎಲ್ಲಿ ತಂತಿ ಕೆರೆದಿದೆ, ಎಲ್ಲಿ ಗೋಡೆ ಒದ್ದೆ ಎಂದು ಹುಡುಕಿಸಿ.

ಆಮೇಲೆ ಗೀಸರ್ ಸಾಕೆಟ್ಟಿನ ಅರ್ಥ್ ಪಿನ್ನಿನಿಂದ ಮೇನ್ ಅರ್ಥ್ ಬಾರಿಗೆ 1 ಓಮ್ ಒಳಗೆ. ಸ್ವಿಚ್ಚುಗಳು ಫೇಸಿನಲ್ಲೇ ಇವೆಯೇ ಎಂಬ ಪರೀಕ್ಷೆ. ಆರ್‌ಸಿಸಿಬಿ 30 ಮಿಲಿಆಂಪಿಯರಿಗೆ 300 ಮಿಲಿಸೆಕೆಂಡಿನೊಳಗೆ ಬೀಳಬೇಕು, 15 ಮಿಲಿಆಂಪಿಯರಿಗೆ ಬೀಳಬಾರದು. ಅದರ ಮೇಲಿನ ಟೆಸ್ಟ್ ಬಟನ್ ಒಳಗಿನ ಯಂತ್ರವನ್ನಷ್ಟೇ ಪರೀಕ್ಷಿಸುತ್ತದೆ, ಅರ್ಥಿಂಗ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಆದರೂ ತಿಂಗಳಿಗೊಮ್ಮೆ ಒತ್ತಿ.

ಅರ್ಥ್ ಪಿಟ್ಟನ್ನು ಏಪ್ರಿಲ್–ಮೇನಲ್ಲಿ, ನೆಲ ಒಣಗಿದಾಗ ಅಳೆಸಿ. ಮಳೆಗಾಲದ ಅಂಕಿ ಸುಳ್ಳು ಧೈರ್ಯ ಕೊಡುತ್ತದೆ. ಸಾಮಾನ್ಯವಾಗಿ 5 ಓಮ್ ಒಳಗೆ ಬರಿಸುತ್ತಾರೆ. ಎರಡು ವರ್ಷಕ್ಕೊಮ್ಮೆಯಾದರೂ ಅಳೆದು ದಾಖಲೆ ಇಡಿ.

ಹೋಟೆಲ್ ನಡೆಸುವವರಿಗೆ ಇಷ್ಟು: ಗ್ರೈಂಡರ್, ಡಿಶ್‌ವಾಷ್ ಕಡೆ ನೆಲ ಸದಾ ಒದ್ದೆ. ಅಲ್ಲಿ ನೀರು ತಡೆಯುವ ಇಂಡಸ್ಟ್ರಿಯಲ್ ಸಾಕೆಟ್, ಪ್ರತಿ ಯಂತ್ರಕ್ಕೂ ಬೇರೆ ಆರ್‌ಸಿಸಿಬಿ ಇರಲಿ. ಆಗ ಒಂದು ಸೋರಿದರೆ ಇಡೀ ಅಡುಗೆಮನೆ ನಿಲ್ಲುವುದಿಲ್ಲ, ಬೈಪಾಸ್ ಮಾಡುವ ಆಸೆಯೂ ಹುಟ್ಟುವುದಿಲ್ಲ.

ಕಾಗದಪತ್ರ

ಜನವರಿ, ಜುಲೈಯಲ್ಲಿ ಕೊಡುವ ಫಾರ್ಮ್ ಬಿ ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯದು. ಅದು ಅಗ್ನಿಶಾಮಕ ವ್ಯವಸ್ಥೆಗೆ ಸಂಬಂಧಿಸಿದ್ದು, ಮನೆಮನೆಯ ವೈರಿಂಗ್ ಟೆಸ್ಟಿಗೆ ಬದಲಿಯಲ್ಲ. ಎರಡನ್ನೂ ಒಂದೇ ಎಂದು ತಿಳಿದ ಕಮಿಟಿಗಳು ಬಹಳ. ಒಂದು ವೈರಿಂಗ್ ತಪಾಸಣೆಯಿಂದ ಇನ್ನೊಂದಕ್ಕೆ 5 ವರ್ಷ ಮೀರಬಾರದು. 15 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಕೇಬಲ್ ಡಕ್ಟಿಗೆ ಪ್ರತಿ ಮಹಡಿಯಲ್ಲೂ ಬೆಂಕಿ ತಡೆ ಇರಬೇಕು. ಇಂಟರ್‌ನೆಟ್‌ನವರು ತಂತಿ ಎಳೆದು ಹೋದ ಮೇಲೆ ಆ ತೂತು ತೆರೆದೇ ಇದೆಯೇ ಎಂದು ವಾಚ್‌ಮನ್ ಜೊತೆ ಹೋಗಿ ನೋಡಿ.

ಕೊನೆಯ ಕಂತಿನ ಹಣವನ್ನು ಅಂಕಿಸಹಿತ ಟೆಸ್ಟ್ ರಿಪೋರ್ಟ್, ಸಿಂಗಲ್ ಲೈನ್ ನಕ್ಷೆ (ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂಬ ಚಿತ್ರ), ಮೂರು ಪತ್ರಗಳ ನಕಲು ಕೈಸೇರಿದ ಮೇಲೆ ಕೊಡಿ. ‘ಎಲ್ಲ ಓಕೆ’ ಎಂದಷ್ಟೇ ಬರೆದ ರಿಪೋರ್ಟ್ ವಾಪಸ್ ಕಳಿಸಿ. ಡಿಬಿಯ ಬಾಗಿಲ ಒಳಗೆ ಯಾವ ಎಂಸಿಬಿ ಯಾವುದಕ್ಕೆ ಎಂದು ಮನೆಯ ಹಿರಿಯರು ಓದಬಲ್ಲ ಭಾಷೆಯಲ್ಲೇ, ಕನ್ನಡವಾದರೆ ಕನ್ನಡದಲ್ಲೇ, ಅಳಿಯದ ಶಾಯಿಯಲ್ಲಿ ಬರೆಸಿ.