ಲಗ್ನದ ಬಯೋಡೇಟಾದಲ್ಲಿ ಯುದ್ಧ

ವಿಜಯಪುರದಲ್ಲಿ ಕೋರ್ಟಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಟೈಪಿಂಗ್ ಮಾಡುತ್ತೇನೆ. ಅಫಿಡವಿಟ್, ಬಾಡಿಗೆ ಕರಾರು, ಬಯೋಡೇಟಾ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟ್, ಎಲ್ಲಾ ಬರುತ್ತವೆ. ನಾನು ಓದಿದ್ದು ಕನ್ನಡ ಮೀಡಿಯಂ. ಬೆರಳಿಗೆ ಸ್ಪೀಡ್ ಇತ್ತು, ಸ್ಪೆಲ್ಲಿಂಗ್ ಮಾತ್ರ ದೇವರಿಗೇ ಪ್ರೀತಿ.

ಒಮ್ಮೆ ರಿಟೈರ್ ಆದ ಮಾಸ್ತರರೊಬ್ಬರು ಮಗಳ ಲಗ್ನಕ್ಕೆ ಬಯೋಡೇಟಾ ಮಾಡಿಸಿದರು. ಇಪ್ಪತ್ತು ಕಾಪಿ ತೆಗೆದು ಕೊಟ್ಟೆ. ಕನ್ನಡಕ ಏರಿಸಿ ಓದಿದರು. ಮುಖದಲ್ಲಿ ನಗು ಇಲ್ಲ.

"ತಮ್ಮಾ, ನನ್ನ ಮಗಳು ಲಗ್ನಕ್ಕ ತಯಾರಾಗ್ಯಾಳ, ಯುದ್ಧಕ್ಕಲ್ಲ."

ಮ್ಯಾರಿಟಲ್ ಸ್ಟೇಟಸ್ ಇರಬೇಕಾದ ಕಡೆ ಮಾರ್ಷಲ್ ಸ್ಟೇಟಸ್ ಅಂತ ಹೊಡೆದಿದ್ದೆ. ಕರಾಟೆ ಕ್ಲಾಸಿನ ಬೋರ್ಡಿನಲ್ಲಿ ಮಾರ್ಷಲ್ ಆರ್ಟ್ಸ್ ಅಂತಿರುತ್ತದಲ್ಲ, ಆ ಮಾರ್ಷಲ್. ಆರ್ ಆದಮೇಲೆ ಐ, ಆಮೇಲೆ ಟಿ ಬರಬೇಕು. ನಾನು ಟಿ ಮೊದಲು ಒತ್ತಿದ್ದೆ, ಅಷ್ಟೇ. ಇಪ್ಪತ್ತೂ ಕಾಪಿ ನನ್ನ ಲೆಕ್ಕಕ್ಕೆ ಬಿದ್ದವು.

ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ, ಯಾಕಂದರೆ ಅದೂ ಡಿಕ್ಷನರಿಯಲ್ಲಿರುವ ಪದವೇ. ಆ ಗೆರೆಯನ್ನು ನಂಬಿ ಕೆಡುವ ದಾರಿ ಇನ್ನೊಂದಿದೆ. ಪೂರ್ತಿ ಕ್ಯಾಪಿಟಲ್‌ನಲ್ಲಿರುವ ಪದಗಳನ್ನು ನೋಡದೆ ಬಿಡುವ ಸೆಟ್ಟಿಂಗ್ ಎಮ್ಮೆಸ್ ವರ್ಡ್‌ನಲ್ಲಿ ಮೊದಲಿಂದಲೇ ಆನ್ ಇರುತ್ತದೆ. ನಮ್ಮ ಕೋರ್ಟ್ ಕಾಗದಗಳ ಹೆಡ್ಡಿಂಗೆಲ್ಲಾ ಕ್ಯಾಪಿಟಲ್ಲೇ! ಆಪ್ಷನ್ಸ್ ಒಳಗೆ ಪ್ರೂಫಿಂಗ್‌ಗೆ ಹೋಗಿ ಆ ಟಿಕ್ ತೆಗೆದೆ. ಹಳೇ ಫೈಲ್‌ಗಳಲ್ಲಿ ಕೆಂಪು ಗೆರೆಗಳ ಜಾತ್ರೆ. ಅಫಿಡವಿಟ್‌ಗೆ ಎರಡು ಎಫ್ ಅಂತ ನನಗೆ ತಿಳಿದದ್ದೇ ಅವತ್ತು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಡಿಕ್ಷನರಿ ಬಾಯಿಪಾಠ ಮಾಡುವ ಉಸಾಬರಿಗೆ ಹೋಗಲಿಲ್ಲ. ನಾನೇ ತಪ್ಪಿದ ಪದ ಮಾತ್ರ ಬರೆಯೋದು. ತಿಂಗಳು ಬಿಟ್ಟು ನೋಡಿದರೆ ತಪ್ಪು ಬಹಳ, ಆದರೆ ಅವುಗಳ ಜಾತಿ ನಾಲ್ಕೈದೇ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕೊನೆಯ 'ಅರ್'. ಗ್ರಾಮರ್, ಎಡಿಟರ್, ಮ್ಯಾನೇಜರ್ ಮೂರೂ ನಮ್ಮ ಕಿವಿಗೆ ಒಂದೇ. ಬರೆಯುವಾಗ ಮಾತ್ರ ಒಂದಕ್ಕೆ ಎ, ಒಂದಕ್ಕೆ ಓ, ಒಂದಕ್ಕೆ ಇ. ಕನ್ನಡದಲ್ಲಿ ಕೇಳಿದ್ದನ್ನೇ ಬರೆದು ಬೆಳೆದವರಿಗೆ ಇದು ಸುಮ್ನೆ ಕಿರಿಕಿರಿ ಅಲ್ವಾ? ನಾನು ಕಂಡುಕೊಂಡ ಉಪಾಯ ಪದದ ನೆಂಟರನ್ನು ಹುಡುಕೋದು. ಗ್ರಾಮರ್‌ನ ನೆಂಟ ಗ್ರಮ್ಯಾಟಿಕಲ್. ಅಲ್ಲಿ ಎ ಬಾಯ್ತುಂಬ ಕೇಳುತ್ತದೆ. ಎಡಿಟೋರಿಯಲ್‌ನಲ್ಲಿ ಓ ಸಿಗುತ್ತದೆ, ಮ್ಯಾನೇಜೀರಿಯಲ್‌ನಲ್ಲಿ ಇ. ಸೈನ್ ಅನ್ನುವಾಗ ಅಡಗಿ ಕೂತ ಜಿ, ಸಿಗ್ನೇಚರ್ ಅಂದಾಗ ಹೊರಗೆ ಬರುತ್ತದೆ. ಕ್ಯಾಲೆಂಡರ್‌ಗೆ ಇಂಥ ನೆಂಟರು ನನಗೆ ಸಿಗಲಿಲ್ಲ. ಅದನ್ನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿಯೇ ಬರೆಯುತ್ತಿದ್ದೆ.

ನೆಂಟರೂ ಇಲ್ಲ, ಉಚ್ಚಾರವೂ ಇಲ್ಲ ಅನ್ನುವ ಅಕ್ಷರಗಳಿಗೆ ಕನ್ನಡದ ಬಾಯಿಯೇ ಮದ್ದು. ಟೈಪ್ ಮಾಡುವಾಗ ಮನಸ್ಸಿನಲ್ಲಿ 'ವೆಡ್-ನೆಸ್-ಡೇ' ಅನ್ನುತ್ತೇನೆ, 'ರಿಸೀಪ್ಟ್' ಅನ್ನುತ್ತೇನೆ. ಜೋರಾಗಿ ಅಂದರೆ ಗಿರಾಕಿ ನಗುತ್ತಾರೆ. ರಿಸೀಟ್‌ಗೆ ಆ ಪಿ ಬಂದದ್ದು ಪದ ಲ್ಯಾಟಿನ್ ಮೂಲದಂತೆ ಕಾಣಲಿ ಅಂತ. ಸಾಲ ಅನ್ನುವ ಅರ್ಥದ ಡೆಟ್‌ನ ಬಿ ಕೂಡ ಹಾಗೇ. ಯಾರದೋ ಪಾಂಡಿತ್ಯಕ್ಕೆ ನಾವು ದಂಡ ಕಟ್ಟುತ್ತಿದ್ದೇವೆ.

ಹೆಸರುಗಳಿಗೆ ಮಾತ್ರ ಯಾವ ಉಪಾಯವೂ ನಡೆಯೋದಿಲ್ಲ. ಬಸವರಾಜ ಅನ್ನೋದನ್ನು ಒಬ್ಬರು ವಿ ಹಾಕಿ ಬರೆದರೆ ಇನ್ನೊಬ್ಬರು ಡಬ್ಲ್ಯೂ ಹಾಕುತ್ತಾರೆ. ಊರಿನ ಹೆಸರೇ 2014ರ ನವೆಂಬರ್ 1ರಿಂದ ಬಿ ಬಿಟ್ಟು ವಿ ಹಿಡಿಯಿತು. ಹಳೇ ದಾಖಲೆಗಳಲ್ಲಿ ಇನ್ನೂ ಬಿಜಾಪುರ. ಹಾಗಾಗಿ ಆಧಾರ್ ಕಾರ್ಡ್ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ಹೊಡೆಯುತ್ತೇನೆ.

ಬಯೋಡೇಟಾ ಬಂದರೆ ಪ್ರಿಂಟ್ ಕೊಡುವ ಮೊದಲು ಕಂಟ್ರೋಲ್ ಎಫ್ ಒತ್ತಿ ಎಮ್-ಎ-ಆರ್-ಟಿ ಹುಡುಕುವುದು ಈಗ ಚಟವಾಗಿದೆ. ಹೋದ ವಾರವೂ ಒಂದು ಸಿಕ್ಕಿತು. ನನ್ನದಲ್ಲ, ಗಿರಾಕಿಯ ಪೆನ್‌ಡ್ರೈವ್‌ನಲ್ಲೇ ಬಂದದ್ದು.