ಪೆಟ್ಟಾದ ಹಕ್ಕಿಯ ಬಾಯಿಗೆ ನೀರು ಬಿಡಬೇಡಿ

ಅಂಗಳದಲ್ಲಿ ಹಕ್ಕಿ ಬಿದ್ದಿದೆ ಅಂದ ಕೂಡಲೇ ಯಾರಾದರೊಬ್ಬರು ಚಮಚದಲ್ಲಿ ನೀರು ತಂದೇ ತರುತ್ತಾರೆ. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಮನಸ್ಸು ಒಳ್ಳೆಯದೇ. ಆದರೆ ಪೆಟ್ಟಿನಿಂದ ಬದುಕಿದ ಹಕ್ಕಿ ಆ ನೀರಿನಿಂದ ಸಾಯಬಹುದು. ಮೃಗಾಸ್ಪತ್ರೆಗೆ ಮುಟ್ಟಿಸುವವರೆಗೆ ನಾವು ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ.

ಮೊದಲು, ನಿಜವಾಗಿ ಪೆಟ್ಟಾಗಿದೆಯಾ ನೋಡಿ. ಮೈತುಂಬ ಗರಿ ಬಂದು ಬಾಲ ಮಾತ್ರ ಮೊಂಡಾಗಿರುವ ಪಿಕಳಾರದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ ಅಷ್ಟೆ. ಹತ್ತಿರದ ಪೊದೆಯಲ್ಲಿ ಕೂರಿಸಿ ದೂರ ಬನ್ನಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು.

ರೆಕ್ಕೆ ಜೋಲುತ್ತಿದ್ದರೆ, ರಕ್ತ ಕಂಡರೆ, ಹತ್ತಿರ ಹೋದರೂ ಅಲುಗಾಡದಿದ್ದರೆ ಎತ್ತಿಕೊಳ್ಳಬೇಕು. ಕರೆಂಟ್ ತಂತಿಯಲ್ಲಿ ಸಿಕ್ಕಿಕೊಂಡಿದ್ದರೆ ಮಾತ್ರ ಅಡಿಕೆ ಕೊಯ್ಯುವ ದೋಟಿ ಹಿಡಿದು ಓಡಬೇಡಿ, ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ.ಯ 1912ಕ್ಕೆ ಫೋನ್ ಮಾಡಿ. ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಯಾವುದನ್ನೂ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ಎತ್ತುವಾಗ ಹಳೆಯ ಬೈರಾಸನ್ನು (ಟವೆಲನ್ನು) ತಲೆ ಸಮೇತ ಮುಚ್ಚುವಂತೆ ಹಾಕಿ. ಕಣ್ಣು ಮರೆಯಾದರೆ ಅರ್ಧ ಗಾಬರಿ ಹೋಗುತ್ತದೆ. ಎರಡೂ ರೆಕ್ಕೆ ಮೈಗೆ ಸೇರಿರುವಂತೆ ಎರಡು ಕೈಯಲ್ಲಿ ಹಿಡಿಯಿರಿ. ಎದೆ ಒತ್ತಲೇಬಾರದು. ಹಕ್ಕಿಗೆ ನಮಗಿರುವಂಥ ವಪೆ, ಅಂದರೆ ಎದೆ ಹೊಟ್ಟೆಯ ನಡುವೆ ಉಸಿರಾಡಿಸುವ ಸ್ನಾಯು, ಇಲ್ಲ. ಎದೆಮೂಳೆ ಆಡಿದರೇನೇ ಉಸಿರು. ಬಿಗಿಯಾಗಿ ಹಿಡಿದರೆ ಬಾಯಿ ತೆರೆದಿದ್ದರೂ ಉಸಿರುಕಟ್ಟುತ್ತದೆ. ಕೊಕ್ಕರೆ ನೇರ ಕಣ್ಣಿಗೇ ಕುಕ್ಕುತ್ತದೆ, ತಲೆಯನ್ನು ಹಿಡಿತದಲ್ಲಿಡಿ. ಗೂಬೆ, ಗರುಡನ ವಿಷಯದಲ್ಲಿ ಕೊಕ್ಕಿಗಿಂತ ಉಗುರಿಗೆ ಹೆದರಬೇಕು. 2023ರಲ್ಲಿ ಕಾಸರಗೋಡಿನ ಜಿಲ್ಲಾ ಪಕ್ಷಿಯಾದ ಬಿಳಿಹೊಟ್ಟೆಯ ಕಡಲ ಹದ್ದಿನಷ್ಟು ದೊಡ್ಡದಾದರೆ ನೀವು ಕೈ ಹಾಕಬೇಡಿ, ಅರಣ್ಯ ಇಲಾಖೆಯವರು ಬರಲಿ.

ಇನ್ನು ನೀರಿನ ಮಾತು. ಹಕ್ಕಿ ಬಾಯಿ ತೆರೆದಾಗ ಒಳಗೆ ನೋಡಿದರೆ ನಾಲಿಗೆಯ ಬುಡದಲ್ಲಿ ಸಣ್ಣ ಸೀಳು ಕಾಣುತ್ತದೆ. ಉಸಿರಿನ ಜೊತೆ ತೆರೆಯುತ್ತದೆ, ಮುಚ್ಚುತ್ತದೆ. ಅದೇ ಶ್ವಾಸನಾಳದ ಬಾಯಿ. ನಮಗೆ ಅದು ಗಂಟಲಲ್ಲಿ ಆಳದಲ್ಲಿದೆ, ಹಕ್ಕಿಗೆ ಅಲ್ಲೇ ಎದುರಿಗಿದೆ. ನೀವು ಚಮಚದಲ್ಲೋ ಸಿರಿಂಜಲ್ಲೋ ಬಿಡುವ ನೀರು ಅದರ ಮೇಲೇ ಬೀಳುತ್ತದೆ. ಎಚ್ಚರವಿರುವ ಹಕ್ಕಿ ಸೀಳು ಮುಚ್ಚಿ ನುಂಗೀತು. ತಲೆಗೆ ಪೆಟ್ಟಾಗಿ ಮಂಕಾದ ಹಕ್ಕಿಗೆ ಅದು ಸಾಧ್ಯವಿಲ್ಲ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಆ ಕ್ಷಣ ಏನೂ ಕಾಣದೆ ಇರಬಹುದು. ಮರುದಿನ ಬಾಲ ಮೇಲೆ ಕೆಳಗೆ ಆಡಿಸುತ್ತಾ ಏದುಸಿರು ಬಿಡುತ್ತಿದ್ದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಹಾಲು, ಅನ್ನ, ನೆನೆಸಿದ ಬ್ರೆಡ್ಡೂ ಬೇಡ. ಮೈ ತಣ್ಣಗಾಗಿ ಆಘಾತದಲ್ಲಿರುವ ಹಕ್ಕಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಮೊದಲು ಬಿಸುಪು, ಮತ್ತೆ ನೀರು, ಆಮೇಲೆ ಆಹಾರ. ಕೊನೆಯ ಎರಡನ್ನು ಡಾಕ್ಟರಿಗೆ ಬಿಟ್ಟುಬಿಡಿ.

ಹಕ್ಕಿಯನ್ನು ಇಟ್ಟು ಒಯ್ಯುವ ಪೆಟ್ಟಿಗೆ ರಟ್ಟಿನದೇ ಆಗಬೇಕು. ಕೋಳಿ ಗೂಡಿನ ತಂತಿಗೆ ಬಡಿದುಕೊಂಡರೆ ಗರಿ ಮುರಿಯುತ್ತದೆ. ತೂತುಗಳನ್ನು ಹಕ್ಕಿ ಇಡುವ ಮೊದಲೇ ಮಾಡಿ. ಬೈಹುಲ್ಲು ಹಾಸುವ ಅಭ್ಯಾಸ ನನಗೆ ಹಿಡಿಸುವುದೇ ಇಲ್ಲ. ನಮ್ಮ ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿದಿರುತ್ತದೆ, ಆ ಬೂಸ್ಟು ಹಕ್ಕಿಯ ಶ್ವಾಸಕೋಶಕ್ಕೆ ಹತ್ತುತ್ತದೆ. ನೂಲು ಏಳದ ಹಳೆ ಹತ್ತಿ ಬಟ್ಟೆ ಸಾಕು. ಮಳೆ ಚಳಿಯಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟ್ಲಿಯನ್ನು ಒಂದು ಬದಿಗೆ ಮಾತ್ರ ಇಡಿ, ಸೆಕೆಯಾದರೆ ಹಕ್ಕಿ ಆಚೆ ಸರಿಯಲಿ. ಮುಚ್ಚಿದ ಮೇಲೆ ಮುಚ್ಚಿಯೇ ಇರಲಿ. ಫೋಟೋ, ವಿಡಿಯೋ ಅಂತ ಮತ್ತೆ ಮತ್ತೆ ತೆರೆದರೆ ಗಾಬರಿಗೇ ಜೀವ ಹೋದೀತು.

ಗಾಯಕ್ಕೆ ಅರಿಶಿನ ಮೆತ್ತಬೇಡಿ, ಡಾಕ್ಟರಿಗೆ ಗಾಯವೇ ಕಾಣುವುದಿಲ್ಲ. ಡೆಟ್ಟಾಲ್, ಜಿಡ್ಡಿನ ಮುಲಾಮು ಎರಡೂ ಬೇಡ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಮೇಲಿಂದ ತೊಳೆದರೆ ಆಯಿತು. ಬೆಕ್ಕು ಕಚ್ಚಿದ್ದಾದರೆ ಕೆಂಬೂತದಂಥ ದೊಡ್ಡ ಹಕ್ಕಿಯಲ್ಲೂ ಗರಿ ಸರಿಸಿ ಹುಡುಕಿದರೆ ಸೂಜಿಮೊನೆಯಷ್ಟೇ ತೂತು ಕಂಡೀತು. ಅದನ್ನು ನೋಡಿ ಸಮಾಧಾನ ಪಡಬೇಡಿ. ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಹಕ್ಕಿ ಸಾಯುತ್ತದೆ. ಅದೇ ದಿನ ಆಂಟಿಬಯೋಟಿಕ್ ಬೀಳಬೇಕು. ಕರೆಂಟ್ ಹೊಡೆದ ಹಕ್ಕಿಯೂ ಹಾಗೆಯೇ. ಇವತ್ತು ಚೆನ್ನಾಗಿ ಕಾಣುವ ರೆಕ್ಕೆ ಕೆಲವು ದಿನದಲ್ಲಿ ಕಪ್ಪಾಗಿ ಒಣಗಬಹುದು.

ಇಲಿ ಹಿಡಿಯುವ ಅಂಟಿನ ಹಲಗೆಯನ್ನು ದಯವಿಟ್ಟು ಕೊಳ್ಳಬೇಡಿ. ಸಣ್ಣ ಹಕ್ಕಿ, ಓತಿ, ಹಾವು ಎಲ್ಲವೂ ಅದಕ್ಕೆ ಅಂಟುತ್ತವೆ. ಹಕ್ಕಿ ಅಂಟಿದ್ದರೆ ಎಳೆಯದೆ, ತೆರೆದಿರುವ ಅಂಟಿನ ಮೇಲೆ ಹಿಟ್ಟು ಉದುರಿಸಿ, ಹಲಗೆ ಸಮೇತ ಡಾಕ್ಟರಲ್ಲಿಗೆ ಒಯ್ಯಿರಿ. ಅಂಟು ಬಿಡಿಸಲು ಸೀಮೆಎಣ್ಣೆ ಹಾಕಬೇಡಿ, ಚರ್ಮ ಸುಡುತ್ತದೆ. ಹಾವು ಅಂಟಿದ್ದರೆ, ಇಲ್ಲವೇ ತರಕಾರಿ ತೋಟಕ್ಕೆ ಕಟ್ಟಿದ ಬಲೆಗೆ ಸಿಕ್ಕಿದ್ದರೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್‌ನಲ್ಲಿ ಹತ್ತಿರದ ಪರಿಣತರ ನಂಬರ್ ಸಿಗುತ್ತದೆ.

ಮೃಗಾಸ್ಪತ್ರೆಗೆ ಹೊರಡುವಾಗಲೇ ಅರಣ್ಯ ಇಲಾಖೆಗೂ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಗಿಳಿಯನ್ನೂ ಮನೆಯಲ್ಲಿ ಸಾಕುವಂತಿಲ್ಲ. ಸಿಕ್ಕಿದ ಜಾಗವನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ವಾಸಿಯಾದ ಮೇಲೆ ಅಲ್ಲೇ ಬಿಡಬೇಕು, ಗೂಬೆಯನ್ನು ಮುಸ್ಸಂಜೆಗೆ, ಹಗಲಿನ ಹಕ್ಕಿಗಳನ್ನು ಬೆಳಿಗ್ಗೆ.