ಹಳೆಯ ಕ್ಯಾಸೆಟ್ ಡಿಜಿಟಲ್ ಆಗುವಾಗ ಕ್ಯಾಪ್ಷನ್ ಕಳೆದುಹೋಗದಿರಲಿ

ದಾವಣಗೆರೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವೈದ್ಯರು, ಎಂಜಿನಿಯರುಗಳು ಕಡಿಮೆಯೇನಲ್ಲ. ಅಂಥ ಬಂಧುಗಳು ತೊಂಬತ್ತರ ದಶಕದಲ್ಲಿ ಅಲ್ಲಿನ ಟಿವಿಯಿಂದ ರೆಕಾರ್ಡ್ ಮಾಡಿ ಕಳುಹಿಸಿದ ವಿಎಚ್‌ಎಸ್ ಕ್ಯಾಸೆಟ್‌ಗಳು ನಿಮ್ಮ ಬೀರುವಿನಲ್ಲಿದ್ದರೆ, ಅವುಗಳಲ್ಲಿ ಚಿತ್ರ ಮತ್ತು ಧ್ವನಿಯ ಜೊತೆಗೆ ಕಣ್ಣಿಗೆ ಕಾಣದ ಅಕ್ಷರಗಳೂ ಇರಬಹುದು. ಕಿವಿ ಕೇಳಿಸದವರು ಕಾರ್ಯಕ್ರಮವನ್ನು ಓದಿಕೊಂಡು ನೋಡಲೆಂದು ಸೇರಿಸಿದ ಈ ಅಕ್ಷರಗಳೇ ಕ್ಲೋಸ್ಡ್ ಕ್ಯಾಪ್ಷನ್. 1993ರ ಜುಲೈಯಿಂದ ಅಮೆರಿಕದಲ್ಲಿ ಮಾರುವ 13 ಇಂಚಿನ ಮತ್ತು ಅದಕ್ಕಿಂತ ದೊಡ್ಡ ಟಿವಿಗಳಲ್ಲಿ ಇವುಗಳನ್ನು ತೋರಿಸುವ ಡಿಕೋಡರ್ ಇರಲೇಬೇಕೆಂದು ಕಾನೂನಾಯಿತು. ಊರಿನ ಸ್ಟುಡಿಯೊಗಳಲ್ಲಿ ಸಾಮಾನ್ಯವಾಗಿ ಮಾಡುವಂತೆ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಇಳಿಸಿದರೆ ಈ ಅಕ್ಷರಗಳು ಸದ್ದಿಲ್ಲದೆ ಕತ್ತರಿಸಿಹೋಗುತ್ತವೆ, ಮತ್ತು ಹಾಗೆ ಹೋದದ್ದನ್ನು ಆ ಫೈಲಿನಿಂದ ಮರಳಿ ಪಡೆಯಲಾಗದು.

ಕಾರಣ ಸರಳವಾಗಿದೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಒಂದು ಫ್ರೇಮಿಗೆ 525 ಗೆರೆಗಳಿದ್ದು, ಕ್ಯಾಪ್ಷನ್ ಇರುವುದು ಚಿತ್ರ ಶುರುವಾಗುವ ಅಂಚಿನಲ್ಲಿರುವ 21ನೇ ಗೆರೆಯಲ್ಲಿ. ಅಗ್ಗದ ಯುಎಸ್‌ಬಿ ಕ್ಯಾಪ್ಚರ್ (ವಿಸಿಆರ್ ಸಂಕೇತವನ್ನು ಕಂಪ್ಯೂಟರಿಗೆ ಸೆರೆಹಿಡಿಯುವ) ಸಾಧನಗಳು ಚಿತ್ರದ 480 ಗೆರೆಗಳನ್ನು ಮಾತ್ರ ತೆಗೆದುಕೊಳ್ಳುವುದರಿಂದ ಆ ಗೆರೆ ಹೊರಗುಳಿಯುತ್ತದೆ. ಎಚ್‌ಡಿಎಂಐ ಪರಿವರ್ತಕಗಳನ್ನು ಈ ಕೆಲಸಕ್ಕೆ ನಂಬುವಂತೆಯೇ ಇಲ್ಲ.

ಮೊದಲು ಕ್ಯಾಸೆಟ್ಟನ್ನು ಗುರುತಿಸಿ. ಲೇಬಲ್ಲಿನ ಮೇಲೆ ಟಿ-120 ಎಂದಿದ್ದರೆ ಅದು ಎನ್‌ಟಿಎಸ್‌ಸಿ ದೇಶದ್ದು, ಇ-180 ಎಂದಿದ್ದರೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಬಗೆಯದು ಎಂದು ಸಾಮಾನ್ಯವಾಗಿ ಊಹಿಸಬಹುದು. ಇಲ್ಲಿ ಚಿತ್ರೀಕರಿಸಿದ ಮದುವೆ ಕ್ಯಾಸೆಟ್‌ಗಳಲ್ಲಿ ಕ್ಯಾಪ್ಷನ್ ಇರುವುದಿಲ್ಲ. ತೆರೆಯ ಮೇಲೆ ಓಡುವ ವಧೂವರರ ಹೆಸರು ಚಿತ್ರದ್ದೇ ಭಾಗವಾದ್ದರಿಂದ ಅದಕ್ಕೆ ಯಾವ ಅಪಾಯವೂ ಇಲ್ಲ. ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ, ಶುಚಿಗೊಳಿಸುವ ಮುನ್ನ ಯಾವ ಪ್ಲೇಯರಿಗೂ ಹಾಕಬೇಡಿ.

ಎರಡನೆಯದು ಪ್ಲೇಯರ್. ನಮ್ಮಲ್ಲಿ ಸಿಗುವ ಮಲ್ಟಿಸಿಸ್ಟಂ ವಿಸಿಆರ್‌ಗಳಲ್ಲಿ ಎನ್‌ಟಿಎಸ್‌ಸಿಯನ್ನು ಪಾಲ್ ಟಿವಿಗೆ ಹೊಂದಿಸಿ ಕೊಡುವ ಆಯ್ಕೆ ಇರುತ್ತದೆ. ಅದನ್ನು ಬಿಟ್ಟು ಎನ್‌ಟಿಎಸ್‌ಸಿ 3.58 ಎಂಬ ಮೂಲ ಸಂಕೇತವನ್ನೇ ಹೊರಗೆ ತೆಗೆಯಬೇಕು. ಪ್ಲೇಯರಿಗೂ ಕ್ಯಾಪ್ಚರ್ ಸಾಧನಕ್ಕೂ ನಡುವೆ, ಸಂಕೇತದ ಸಮಯವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇಟ್ಟರೆ ಚಿತ್ರದ ನಡುಕ ನಿಲ್ಲುತ್ತದೆ, ಆದರೆ ಕೆಲವು ಕರೆಕ್ಟರ್‌ಗಳು ಚಿತ್ರದ ಮೇಲಿನ ಗೆರೆಗಳನ್ನು ಅಳಿಸಿಬಿಡುತ್ತವೆಯಾದ್ದರಿಂದ ಅದರ ಸೆಟ್ಟಿಂಗ್ ನೋಡಿಕೊಳ್ಳಿ.

ಮೂರನೆಯ ಹೆಜ್ಜೆಯಲ್ಲೇ ಎಲ್ಲ ತೀರ್ಮಾನವಾಗುವುದು. 480ರ ಬದಲು 720x486 ಅಳತೆಯಲ್ಲಿ ಸೆರೆಹಿಡಿಯುವ ಕಾರ್ಡ್ ಬೇಕು. ಇಡೀ ಕ್ಯಾಸೆಟ್ ಓಡಿಸುವ ಮೊದಲು ಎರಡು ನಿಮಿಷದ ತುಣುಕನ್ನು ತೆಗೆದು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಚಿತ್ರದ ನೆತ್ತಿಯನ್ನು ನೋಡಿ. ಅಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಬಿಳಿ-ಕಪ್ಪು ಗೀಟುಗಳ ಸಾಲು ಕಾಣಬೇಕು: ಎಡಗಡೆಯ ಸಮ ಅಂತರದ ಗೀಟುಗಳು ಅಲುಗಾಡದೆ ನಿಂತಿರುತ್ತವೆ, ಬಲಗಡೆಯವು ಯಾರಾದರೂ ಮಾತಾಡುವ ಹೊತ್ತಿಗೆ ಚಕಚಕನೆ ಬದಲಾಗುತ್ತವೆ. ಎಡಗಡೆಯದು ಡಿಕೋಡರಿಗೆ ತಾಳ ಹಾಕಿಕೊಡುವ ಭಾಗ. ಬಲಗಡೆ ಪ್ರತಿ ಬಾರಿಗೆ ಎರಡು ಅಕ್ಷರಗಳಷ್ಟು ಮಾಹಿತಿ ಬರುತ್ತದೆ. ಈ ಗೀಟುಗಳೇ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಪ್ಲೇಯರಿನಿಂದ ಹಿಡಿದು ಒಂದೊಂದೇ ಉಪಕರಣವನ್ನು ಪರೀಕ್ಷಿಸಿ. ಸ್ಟುಡಿಯೊಗೆ ಕೊಡುವುದಾದರೂ ಮುಂಗಡ ಕೊಡುವ ಮುನ್ನ ಈ ತುಣುಕನ್ನು ಕೇಳಿ ಪಡೆಯುವುದು ಒಳ್ಳೆಯದು. "ಕ್ವಾಲಿಟಿ ಚೆನ್ನಾಗಿ ಬರುತ್ತೆ ಸರ್" ಎಂಬ ಭರವಸೆಗೂ ಈ ಗೆರೆಗೂ ಸಂಬಂಧವಿಲ್ಲ.

ಮೂಲ ಪ್ರತಿಯನ್ನು ಎಂಪಿ4ನಲ್ಲಿ ಉಳಿಸಬೇಡಿ. ನಷ್ಟವಿಲ್ಲದ ಎಫ್‌ಎಫ್‌ವಿ1 ಕೋಡೆಕ್‌ನಲ್ಲಿ (ವಿಡಿಯೊವನ್ನು ಕುಗ್ಗಿಸಿಡುವ ವಿಧಾನ), ಎಂಕೆವಿ ಫೈಲಾಗಿ ಇಡಿ. ಅಳತೆ ಬದಲಿಸುವುದು, ಅಂಚು ಕತ್ತರಿಸುವುದು, ಡಿಇಂಟರ್‌ಲೇಸ್ ಮಾಡುವುದು (ಒಂದು ಬಿಟ್ಟು ಒಂದರಂತೆ ಬರುವ ಗೆರೆಗಳನ್ನು ಬೆಸೆಯುವುದು) ಈ ಪ್ರತಿಯಲ್ಲಿ ಬೇಡವೇ ಬೇಡ. ಫೈಲು ಗಂಟೆಗೆ ಹಲವು ಹತ್ತು ಜಿಬಿ ಆಗುತ್ತದೆ, ಹಾರ್ಡ್‌ಡಿಸ್ಕನ್ನು ಮೊದಲೇ ತಂದಿಟ್ಟುಕೊಳ್ಳಿ.

ಇನ್ನು ಅಕ್ಷರಗಳನ್ನು ಹೊರತೆಗೆಯುವುದು. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ 'ರೀಡ್‌ಇಐಎ608' ಎಂಬ ಫಿಲ್ಟರ್ ಇದ್ದು, ಅದು ನೆತ್ತಿಯ ಗೆರೆಯನ್ನು ಓದುತ್ತದೆ. ಅದನ್ನೇ ಆಧರಿಸಿದ 'ಎಸ್‌ಸಿಸಿಯೂ' ಎಂಬ ಸಾಧನ ಎಸ್‌ಸಿಸಿ ಎಂಬ ಕ್ಯಾಪ್ಷನ್ ಫೈಲನ್ನು ಬರೆದುಕೊಡುತ್ತದೆ. ಎಸ್‌ಸಿಸಿಯಲ್ಲಿ ಅಕ್ಷರಗಳ ಜೊತೆಗೆ ಅವು ತೆರೆಯಲ್ಲಿ ಎಲ್ಲಿ ಮೂಡಬೇಕೆಂಬ ಆಜ್ಞೆಗಳೂ ಉಳಿಯುವುದರಿಂದ ಅದನ್ನು ಅಳಿಸಬೇಡಿ. ಟೇಪು ಸವೆದ ಕಡೆ ಅಕ್ಷರ ತಪ್ಪಿರುತ್ತದೆ. ಪ್ಲೇಯರಿನ ಹೆಡ್ (ಟೇಪನ್ನು ಓದುವ ಭಾಗ) ಒರೆಸಿ ಆ ಭಾಗವನ್ನಷ್ಟೇ ಮತ್ತೊಮ್ಮೆ ಓಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಯುರೋಪಿನ ಪಾಲ್ ಕ್ಯಾಸೆಟ್‌ಗಳ ಮಾತು ಬೇರೆ. ಅಲ್ಲಿ ಅಡಿಬರಹ ಟಿವಿ ಸಂಕೇತದೊಳಗೇ ಅಕ್ಷರಗಳನ್ನು ಕಳುಹಿಸುವ ಟೆಲಿಟೆಕ್ಸ್ಟ್ ಮೂಲಕ ಸೆಕೆಂಡಿಗೆ 6.9375 ಮೆಗಾಬಿಟ್ ವೇಗದಲ್ಲಿ ಬರುತ್ತಿತ್ತು. ಅಷ್ಟು ವೇಗವನ್ನು ಸಾಮಾನ್ಯ ವಿಎಚ್‌ಎಸ್ ಸ್ಪಷ್ಟವಾಗಿ ಹಿಡಿದಿಡಲಾರದು. ವಿಶೇಷ ತಂತ್ರಾಂಶದಿಂದ ಊಹಿಸಿ ಹೊರತೆಗೆಯಬೇಕಾಗುತ್ತದೆ.

ಮನೆಯಲ್ಲಿ ನೋಡಲು ಮಾತ್ರ ಮೂಲದಿಂದ ಬೇರೊಂದು ಎಂಪಿ4 ಮಾಡಿ, ಎಸ್‌ಸಿಸಿಯನ್ನು ಎಸ್‌ಆರ್‌ಟಿ ಎಂಬ ಸರಳ ಅಡಿಬರಹ ಫೈಲಿಗೆ ಬದಲಿಸಿ, ಎರಡಕ್ಕೂ ಒಂದೇ ಹೆಸರು ಕೊಟ್ಟು ಒಂದೇ ಫೋಲ್ಡರಿನಲ್ಲಿಡಿ. ವಿಎಲ್‌ಸಿ ಪ್ಲೇಯರ್ ಅಕ್ಷರಗಳನ್ನು ತಾನಾಗಿಯೇ ಎತ್ತಿಕೊಳ್ಳುತ್ತದೆ.